ಅರ್ಧ ಟಿಕೆಟ್ ಮುಗಿಯುವ ವಯಸ್ಸು



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲಿಲ್ಲ. ಚನ್ನಗಿರಿಯದು ಅಡಿಕೆ ಸೀಮೆ. ಹೊನ್ನಾಳಿ ತುಂಗಭದ್ರೆಯ ದಂಡೆಯ ಊರು. ಅದರಿಂದ ಬೇರೆಯಾಗಿ 2018ರಲ್ಲಿ ತಾಲ್ಲೂಕಾದದ್ದು ನ್ಯಾಮತಿ. ಜಗಳೂರು ಮಳೆಯನ್ನೇ ನಂಬಿದ ಬಯಲುಸೀಮೆ. ನೆಲ, ಬೆಳೆ ಏನೇ ಬೇರೆಯಿದ್ದರೂ ಮಕ್ಕಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಲಿ, ಜಾತ್ರೆಗೆ ಹೋಗಲಿ, ಅಜ್ಜಿ ಮನೆಗೆ ಹೋಗಲಿ, ಈ ನಾಲ್ಕೂ ಕಡೆ ಬಸ್ಸೇ ಗತಿ. ಆದ್ದರಿಂದ ಬಸ್ ಚಾರ್ಜು ಇಲ್ಲಿ ಅಕ್ಕಿ, ಎಣ್ಣೆಯ ಲೆಕ್ಕದ ಜೊತೆಗೇ ಬರುವ ಖರ್ಚು. ಮಕ್ಕಳಿರುವ ಮನೆಗೆ ಈ ಖರ್ಚು ಎಷ್ಟು ಬೀಳುತ್ತದೆ, ಎಲ್ಲಿ ಉಳಿಯುತ್ತದೆ, ಯಾವ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಏರುತ್ತದೆ ಎಂಬುದನ್ನು ಇವತ್ತು ನಿಮ್ಮೆದುರು ಬಿಡಿಸಿಡುತ್ತೇನೆ.

ಮೊದಲು ಈಗ ಇರುವ ನಿಯಮ. ಕೆ.ಎಸ್.ಆರ್.ಟಿ.ಸಿ. ಬಸ್ಸಿನಲ್ಲಿ ಆರು ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಡ. ಆರರಿಂದ ಹನ್ನೆರಡರವರೆಗೆ ಅರ್ಧ ಟಿಕೆಟ್. ಹನ್ನೆರಡು ದಾಟಿದರೆ ದೊಡ್ಡವರ ಲೆಕ್ಕ, ಪೂರ್ತಿ ಟಿಕೆಟ್. ಇದು ಬಹಳ ಕಾಲದಿಂದ ನಡೆದುಬಂದದ್ದು. ಇದರ ಮೇಲೆ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದ ಹೆಣ್ಣುಮಕ್ಕಳಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಪ್ರಯಾಣ ಉಚಿತವಾಯಿತು. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಉಚಿತ ಎಂದರೆ ಟಿಕೆಟ್ಟೇ ಇಲ್ಲವೆಂದಲ್ಲ. ಕಂಡಕ್ಟರ್ ಕೊಡುವ ಶೂನ್ಯ ಮೊತ್ತದ ಟಿಕೆಟ್ಟನ್ನು ಇಳಿಯುವವರೆಗೆ ಜೋಪಾನ ಮಾಡಬೇಕು. ಆ ಚೀಟಿಯ ಲೆಕ್ಕದ ಮೇಲೆಯೇ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದು. 2025ರ ಜುಲೈ ಹೊತ್ತಿಗೆ ಅಂಥ ಟಿಕೆಟ್ಟುಗಳ ಸಂಖ್ಯೆ 500 ಕೋಟಿ ಮುಟ್ಟಿತು. 2025–26ರ ಬಜೆಟ್ಟಿನಲ್ಲಿ ಇದಕ್ಕೆಂದು 5,300 ಕೋಟಿ ರೂಪಾಯಿ ಇಟ್ಟಿದ್ದರು.

ಇದು ದೊಡ್ಡ ಕೆಲಸವೆಂದು ಮನಸಾರೆ ಹೇಳುತ್ತೇನೆ. ತಿಂಗಳಿಗೊಮ್ಮೆ ತವರಿಗೆ ಹೋಗಿಬರಲು ಗಂಡನ ಕೈ ನೋಡುತ್ತಿದ್ದ ಹೆಂಗಸರು ಈಗ ಆಧಾರ್ ಕಾರ್ಡೊಂದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊರಡುತ್ತಾರೆ. ಕೂಸಿಗೆ ಲಸಿಕೆ ಹಾಕಿಸಲು, ತಾಯಿಯ ಕಣ್ಣು ತೋರಿಸಲು ನಾಳೆ ನಾಡಿದ್ದು ಎಂದು ಮುಂದೂಡುತ್ತಿದ್ದವರು ಅಂದೇ ಬಸ್ ಹತ್ತುತ್ತಾರೆ.

ಆದರೆ ಮನೆಯವರೆಲ್ಲ ಒಟ್ಟಿಗೆ ಹೊರಟಾಗಿನ ಲೆಕ್ಕವೇ ಬೇರೆ. ದೀಪಾವಳಿಗೆ ಮುಂಚೆ ಸಂತೇಬೆನ್ನೂರಿನಿಂದ ಬಟ್ಟೆ ತರಲು ದಾವಣಗೆರೆಗೆ ಹೊರಟ ಒಂದು ಮನೆಯವರನ್ನು ಮನಸ್ಸಿಗೆ ತಂದುಕೊಳ್ಳಿ. ಅಪ್ಪ, ಅಮ್ಮ, ಹದಿನಾಲ್ಕರ ಮಗಳು, ಹದಿಮೂರಕ್ಕೆ ಬಿದ್ದ ಮಗ, ಹತ್ತು ವರ್ಷದ ಇನ್ನೊಬ್ಬ ಮಗ. ಬಸ್ಸಿನಲ್ಲಿ ನಡೆಯುವ ಮಾತು ಹೀಗಿರುತ್ತದೆ:

“ಎಷ್ಟು ಜನ್ರಮ್ಮ?”

“ನಂದೂ ಹುಡ್ಗೀದೂ ಫ್ರೀ. ಯಜಮಾನ್ರುದು ಒಂದು ಫುಲ್ಲು. ಹುಡುಗ್ರುದು ಎರಡು ಹಾಫ್ ಕೊಡಣ್ಣ.”

“ಈ ದೊಡ್ಡೋನು ಎಷ್ಟನೇ ಕ್ಲಾಸು?”

“ಈಗ ಎಂಟಕ್ಕೆ ಬಂದವ್ನೆ.”

“ಹಂಗಾದ್ರೆ ಅವ್ನಿಗೆ ಫುಲ್ಲಮ್ಮ. ಹನ್ನೆರಡು ದಾಟೈತಲ್ಲ.”

ಮಿಷಿನ್ನಿನಿಂದ ಚೀಟಿಗಳು ಒಂದರ ಹಿಂದೊಂದು ಬರುತ್ತವೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಪೂರ್ತಿ ಟಿಕೆಟ್ 60 ರೂಪಾಯಿ ಎಂದಿಟ್ಟುಕೊಳ್ಳೋಣ. ಅಪ್ಪನಿಗೆ 60, ದೊಡ್ಡ ಮಗನಿಗೆ 60, ಚಿಕ್ಕವನಿಗೆ 30. ಒಟ್ಟು 150. ಹೋಗಿ ಬರಲು 300. ಅದೇ ಮನೆಯವರು, ಅದೇ ದಾರಿಯಲ್ಲಿ, ಅಷ್ಟೇ ಚಾರ್ಜಿನ ಖಾಸಗಿ ಬಸ್ ಹತ್ತಿದರೆ ಅಮ್ಮ, ಮಗಳ ಪಾಲೂ ಸೇರಿ ಒಂದು ದಿಕ್ಕಿಗೆ 270, ಹೋಗಿ ಬರಲು 540 ರೂಪಾಯಿ. ಎರಡೂ ಲೆಕ್ಕದ ನಡುವಿನ ಅಂತರ 240. ಆ ಮನೆಗೆ ಸರ್ಕಾರದ ಸವಲತ್ತು ಸಿಗುವುದೋ ಇಲ್ಲವೋ ಎಂಬುದು ನಿಲ್ದಾಣಕ್ಕೆ ಮೊದಲು ಯಾವ ಬಸ್ ಬರುತ್ತದೆ ಎಂಬುದರ ಮೇಲೆ ನಿಂತಿದೆ. ಮೈಸೂರು ಸೀಮೆಯ ಕೆಲವು ತಾಲ್ಲೂಕುಗಳಲ್ಲಿ ಸರ್ಕಾರಿ ಬಸ್ಸೇ ಹೆಚ್ಚು. ನಮ್ಮ ಕಡೆ ಹಾಗಲ್ಲ. ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗದ ನಡುವಿನ ಎಷ್ಟೋ ಹಳ್ಳಿ ದಾರಿಗಳನ್ನು ಇಂದಿಗೂ ಖಾಸಗಿ ಬಸ್ಸುಗಳೇ ನಡೆಸುತ್ತಿವೆ.

ಇನ್ನೊಂದು ಮಾತು. 2025ರ ಜನವರಿ 5ರಿಂದ ನಮ್ಮ ನಾಲ್ಕೂ ಸಾರಿಗೆ ನಿಗಮಗಳು ಟಿಕೆಟ್ ದರವನ್ನು ಶೇಕಡ 15ರಷ್ಟು ಏರಿಸಿದವು. ಶಕ್ತಿ ಇರುವ ಬಸ್ಸಿನಲ್ಲಿ ಆ ಏರಿಕೆ ನೇರವಾಗಿ ಬಿದ್ದದ್ದು ಅಪ್ಪನ ಮೇಲೆ ಮತ್ತು ಗಂಡು ಮಕ್ಕಳ ಮೇಲೆ. ಎಲ್ಲವೂ ಒಂದೇ ಮನೆಯ ಜೇಬಿನಿಂದ ಹೋಗುವುದರಿಂದ ಅಮ್ಮನಿಗೆ ಉಳಿದದ್ದರಲ್ಲಿ ಒಂದಿಷ್ಟು ಮಗನ ಟಿಕೆಟ್ಟಿಗೆ ಹೋಯಿತು.

ಈಗ ವಿದ್ಯಾರ್ಥಿ ಪಾಸಿನ ವಿಷಯ. ನನ್ನ ಮಾತಿನ ತಿರುಳು ಇರುವುದು ಇಲ್ಲಿಯೇ. ಮನೆಯಿಂದ ಶಾಲೆಗೆ, ಕಾಲೇಜಿಗೆ ಹೋಗಿಬರಲು ನಿಗಮ ರಿಯಾಯಿತಿ ಪಾಸು ಕೊಡುತ್ತದೆ. 60 ಕಿಲೋಮೀಟರ್ ದೂರದ ಮಿತಿ, ಹತ್ತು ತಿಂಗಳ ಅವಧಿ. ಇತ್ತೀಚಿನ ವರ್ಷಗಳ ದರ ಹೀಗಿದೆ: ಪ್ರಾಥಮಿಕ ಶಾಲೆಗೆ 150 ರೂಪಾಯಿ, ಪ್ರೌಢಶಾಲೆಯ ಹುಡುಗರಿಗೆ 750, ಹುಡುಗಿಯರಿಗೆ 550, ಪಿಯುಸಿ ಮತ್ತು ಪದವಿಗೆ 1,050, ವೃತ್ತಿಪರ ಕೋರ್ಸುಗಳಿಗೆ 1,550. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೆ ಪ್ರೌಢಶಾಲೆ, ಪಿಯುಸಿ, ಪದವಿಯಲ್ಲೂ 150 ರೂಪಾಯಿಯೇ. ಜಗಳೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರ. ಅಲ್ಲಿನ ಎಷ್ಟೋ ಮನೆಗಳಿಗೆ ಈ ರಿಯಾಯಿತಿ ಸಲ್ಲುತ್ತದೆ. ಗೊತ್ತಿಲ್ಲದೆ ಯಾರೂ ಹೆಚ್ಚು ಕಟ್ಟಬೇಡಿ.

ಈ ದರಗಳನ್ನು ಹಳ್ಳಿಯ ಮಗುವಿನ ಬದುಕಿನ ಪಕ್ಕದಲ್ಲಿಟ್ಟು ನೋಡಿ. ಏಳನೇ ತರಗತಿಯವರೆಗಿನ ಶಾಲೆ ಸಾಮಾನ್ಯವಾಗಿ ಊರಲ್ಲೋ ಪಕ್ಕದೂರಲ್ಲೋ ಇರುತ್ತದೆ. ಮಕ್ಕಳು ನಡೆದೇ ಹೋಗುತ್ತಾರೆ. 150 ರೂಪಾಯಿಯ ಪಾಸು ಬಹಳ ಮಕ್ಕಳಿಗೆ ಬೇಕಾಗುವುದೇ ಇಲ್ಲ. ಎಂಟನೇ ತರಗತಿಗೆ ಬಂದಾಗ ಹೋಬಳಿ ಊರಿನ ಪ್ರೌಢಶಾಲೆ ಸೇರಬೇಕು: ಸಂತೇಬೆನ್ನೂರೋ ಬಸವಾಪಟ್ಟಣವೋ, ಸಾಸ್ವೆಹಳ್ಳಿಯೋ ಕುಂದೂರೋ, ಬೆಳಗುತ್ತಿಯೋ, ಬಿಳಿಚೋಡೋ ಸೊಕ್ಕೆಯೋ. ಬಸ್ಸು ನಿಜವಾಗಿ ಬೇಕಾಗುವುದು ಅವತ್ತಿನಿಂದ. ಹುಡುಗನಾದರೆ ಹನ್ನೆರಡು ದಾಟಿ ಅರ್ಧ ಟಿಕೆಟ್ ಮುಗಿಯುವುದೂ ಅದೇ ವರ್ಷ, ಪಾಸಿನ ದರ 150ರಿಂದ 750ಕ್ಕೆ ಏರುವುದೂ ಅದೇ ವರ್ಷ. ಮಗು ಊರೊಳಗೇ ನಡೆದಾಡುವಷ್ಟು ಕಾಲ ರಿಯಾಯಿತಿ ಇರುತ್ತದೆ. ಊರು ದಾಟುವ ಹೊತ್ತಿಗೆ ಅದು ಕೈಬಿಡುತ್ತದೆ.

ಹತ್ತು ತಿಂಗಳಿಗೆ 750 ರೂಪಾಯಿ ದೊಡ್ಡ ಮೊತ್ತವಲ್ಲ, ತಿಂಗಳಿಗೆ 75 ಬಿತ್ತಲ್ಲವೇ ಎಂದು ಕೇಳುವವರಿದ್ದಾರೆ. ಬಸ್ ದಿನಾ ಬರುವ ದಾರಿಯಲ್ಲಿ ಅದು ನಿಜವಾಗಿಯೂ ಅಗ್ಗ. ಆದರೆ ಜೂನ್ ತಿಂಗಳು ಬಿತ್ತನೆಯ ತಿಂಗಳು. ಬೀಜ, ಗೊಬ್ಬರ, ನೋಟ್‌ಬುಕ್ಕು, ಸಮವಸ್ತ್ರ ಎಲ್ಲವೂ ಒಟ್ಟಿಗೆ ಬಂದು ನಿಲ್ಲುವ ಹೊತ್ತಿನಲ್ಲಿ ಇಬ್ಬರು ಗಂಡುಮಕ್ಕಳ ಪಾಸಿನ ಹಣವನ್ನು ಒಂದೇ ಗಂಟಿನಲ್ಲಿ ಕಟ್ಟಬೇಕು. ಒಣಬೇಸಾಯದ ಮನೆಗೆ ಅದರ ಭಾರ ಗೊತ್ತು. ಅದಕ್ಕಿಂತ ನೋವಿನ ಸಂಗತಿಯೆಂದರೆ ಹಣ ಕಟ್ಟಿ ಪಾಸು ಮಾಡಿಸಿದ ಮೇಲೂ ಶಾಲೆ ಬಿಡುವ ಹೊತ್ತಿಗೆ ಆ ದಾರಿಗೆ ಸರ್ಕಾರಿ ಬಸ್ ಇಲ್ಲದಿರುವುದು. ಸಂಜೆ ರಸ್ತೆ ಬದಿಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟ ಪಾಸನ್ನು ಕೊರಳಿಗೆ ಹಾಕಿಕೊಂಡು, ಬ್ಯಾಗು ನೆಲಕ್ಕಿಟ್ಟು ನಿಂತ ಮಕ್ಕಳ ಗುಂಪುಗಳನ್ನು ನೀವೂ ನೋಡಿದ್ದೀರಿ. ಖಾಸಗಿ ಬಸ್ ಬಂದು ನಿಲ್ಲುತ್ತದೆ. ದುಡ್ಡಿದ್ದವರು ಹತ್ತುತ್ತಾರೆ. ಉಳಿದವರು ಕತ್ತು ಚಾಚಿ ಮುಂದಿನ ಬಸ್ಸಿನ ಬಣ್ಣ ನೋಡುತ್ತಾರೆ. ಎಷ್ಟೋ ಖಾಸಗಿ ಬಸ್ಸಿನವರು ಮಕ್ಕಳ ಹತ್ತಿರ ಕಡಿಮೆ ತೆಗೆದುಕೊಳ್ಳುವುದುಂಟು, ಅವರಿಗೆ ಪುಣ್ಯ ಬರಲಿ. ಆದರೆ ಮಗು ದಿನವೂ ಶಾಲೆಗೆ ಹೋಗುವುದು ಒಬ್ಬ ಕಂಡಕ್ಟರಿನ ಒಳ್ಳೆಯ ಮನಸ್ಸನ್ನು ನಂಬಿಕೊಂಡು ಇರಬಾರದು.

ಎಂಟನೇ ತರಗತಿಯೇ ಹಳ್ಳಿ ಮಗುವಿನ ತಿರುವು ಎಂಬುದು ಸರ್ಕಾರಕ್ಕೆ ಗೊತ್ತಿಲ್ಲದ ವಿಷಯವೇನಲ್ಲ. 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ್ದು ಇದೇ ಕಾರಣಕ್ಕೆ. ಊರಿನ ಶಾಲೆ ಮುಗಿಸಿದ ಮಗು, ಅದರಲ್ಲೂ ಹೆಣ್ಣು ಮಗು, ದೂರದ ಕಾರಣಕ್ಕೆ ಮನೆಯಲ್ಲಿ ಉಳಿಯಬಾರದು ಎಂಬುದು ಅದರ ಉದ್ದೇಶ. ಕೊರೊನಾ ಬಂದ ಮೇಲೆ ಆ ಸೈಕಲ್ಲುಗಳು ನಿಂತವು. ವಯಸ್ಸಿನ ಗಡಿಯ ವಿಷಯಕ್ಕೆ ಬಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರವರೆಗಿನವರನ್ನು ಮಕ್ಕಳೆಂದು ಎಣಿಸುತ್ತದೆ. ಬಸ್ಸಿನ ಟಿಕೆಟ್ಟು ಹನ್ನೆರಡಕ್ಕೇ ಅವರನ್ನು ದೊಡ್ಡವರನ್ನಾಗಿ ಮಾಡುತ್ತದೆ. ರೈಲಿನಲ್ಲೂ ಅರ್ಧ ಟಿಕೆಟ್ಟಿನ ಗಡಿ ಹನ್ನೆರಡೇ. ಮಕ್ಕಳು ಹನ್ನೆರಡಕ್ಕೆ ಓದು ಮುಗಿಸಿ ಹೊಲಕ್ಕೋ ಅಂಗಡಿಗೋ ಹೋಗಿ ಕೂಲಿ ತರುತ್ತಿದ್ದ ಕಾಲಕ್ಕೆ ಆ ಗಡಿ ಸರಿಯಾಗಿತ್ತೇನೋ. ಈಗ ಹದಿನೈದು, ಹದಿನಾರರವರೆಗೆ ಮಗು ಓದಲೇಬೇಕೆಂದು ನಾವೆಲ್ಲ ಒಪ್ಪಿದ್ದೇವೆ. ಅರ್ಧ ಟಿಕೆಟ್ಟಿನ ವಯಸ್ಸು ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಏರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇದು ಎಲ್ಲೂ ಇಲ್ಲದ ಕೇಳಿಕೆಯಲ್ಲ. ಲಂಡನ್ನಿನಲ್ಲಿ ಹನ್ನೊಂದರಿಂದ ಹದಿನೈದು ವರ್ಷದ ಮಕ್ಕಳು ಫೋಟೊ ಇರುವ ಒಂದು ಕಾರ್ಡು ಮಾಡಿಸಿಕೊಂಡು ಸಿಟಿ ಬಸ್ಸುಗಳಲ್ಲಿ ಉಚಿತವಾಗಿ ಓಡಾಡುತ್ತಾರೆ. ಅಲ್ಲಿ ನೆಲೆಸಿದ ನಮ್ಮ ಕನ್ನಡದ ಮನೆಗಳ ಮಕ್ಕಳೂ ಅದೇ ಕಾರ್ಡಿನಲ್ಲಿ ಶಾಲೆಗೆ ಹೋಗಿ ಬರುತ್ತಾರೆ. ಸ್ವಿಟ್ಜರ್‌ಲೆಂಡಿನ ಪದ್ಧತಿ ನನಗೆ ಇನ್ನೂ ಹಿಡಿಸಿತು. ಅಲ್ಲಿ ಜೂನಿಯರ್ ಕಾರ್ಡ್ ಎಂದು ಒಂದಿದೆ. ವರ್ಷಕ್ಕೆ 30 ಫ್ರಾಂಕ್ ಕೊಟ್ಟು ಮಗುವಿನ ಹೆಸರಿನಲ್ಲಿ ಮಾಡಿಸಿದರೆ, ಆರರಿಂದ ಹದಿನಾರು ವರ್ಷದವರೆಗೆ ಅಪ್ಪನ ಜೊತೆಗೋ ಅಮ್ಮನ ಜೊತೆಗೋ ಹೊರಟ ಮಗುವಿಗೆ ಬೇರೆ ಟಿಕೆಟ್ ಬೇಡ. ಅಜ್ಜ, ಅಜ್ಜಿ ಅಥವಾ ನೆಂಟರ ಜೊತೆ ಹೊರಡುವ ಮಗುವಿಗೂ ಬೇರೆ ಕಾರ್ಡು ಇದೆ. ಮಗು ಒಬ್ಬಂಟಿಯಾಗಿ ಓಡಾಡುವುದಿಲ್ಲ, ಮನೆಯವರ ಜೊತೆ ಓಡಾಡುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟು ಮಾಡಿದ ಏರ್ಪಾಡು ಅದು. ನಮ್ಮಲ್ಲಿ ರಿಯಾಯಿತಿಗಳು ಬಹಳ ಇವೆ. ಹೆಣ್ಣೆಂಬ ಕಾರಣಕ್ಕೆ ಒಂದು, ವಿದ್ಯಾರ್ಥಿ ಎಂಬ ಕಾರಣಕ್ಕೆ ಒಂದು, ಹಿರಿಯ ನಾಗರಿಕರೆಂಬ ಕಾರಣಕ್ಕೆ ಶೇಕಡ 25. ಒಟ್ಟಿಗೆ ಹೊರಟ ಮನೆಗೆ ಹಳ್ಳಿ ಬಸ್ಸಿನಲ್ಲಿ ಯಾವುದೂ ಇಲ್ಲ.

ಪಕ್ಕದ ತೆಲಂಗಾಣದಲ್ಲಿ ಒಂದು ಪ್ರಯತ್ನ ನಡೆದಿತ್ತು. ಅಲ್ಲಿನ ಸಾರಿಗೆ ಸಂಸ್ಥೆ 2023ರಲ್ಲಿ ಹೈದರಾಬಾದಿನಲ್ಲಿ ಎಫ್-24 ಎಂಬ ಟಿಕೆಟ್ ತಂದಿತು. 300 ರೂಪಾಯಿಗೆ ನಾಲ್ಕು ಜನ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ನಗರದ ಬಸ್ಸುಗಳಲ್ಲಿ ದಿನವಿಡೀ ಓಡಾಡಬಹುದಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲೂ ಹೆಂಗಸರಿಗೆ ಉಚಿತ ಪ್ರಯಾಣ ಶುರುವಾಗಿ ಬಸ್ಸುಗಳು ತುಂಬಿದವು. ಗುರುತಿನ ಚೀಟಿ ನೋಡಿ, ವಯಸ್ಸು ಬರೆದುಕೊಂಡು ಆ ಟಿಕೆಟ್ ಕೊಡಲು ಕಂಡಕ್ಟರುಗಳಿಗೆ ಪುರಸೊತ್ತು ಸಿಗದೆ 2024ರ ಜನವರಿ 1ರಿಂದ ಅದನ್ನು ನಿಲ್ಲಿಸಿದರು. ಇದರಿಂದ ನಾವು ತಿಳಿಯಬೇಕಾದದ್ದಿದೆ. ಕುಟುಂಬದ ರಿಯಾಯಿತಿಯನ್ನು ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ಲೆಕ್ಕ ಹಾಕಿ ಕೊಡುವಂತೆ ಮಾಡಿದರೆ ಅದು ಬಾಳುವುದಿಲ್ಲ. ಮೊದಲೇ ಮಾಡಿಸಿಟ್ಟ ಕಾರ್ಡಾಗಿರಬೇಕು, ಕಂಡಕ್ಟರ್ ಅದನ್ನು ನೋಡಿದರೆ ಸಾಕಾಗಬೇಕು. ಶಕ್ತಿ ಯೋಜನೆ ಶುರುವಾದಾಗಲೇ ಸ್ಮಾರ್ಟ್ ಕಾರ್ಡಿನ ಮಾತು ಬಂದಿತ್ತು. ಆ ಕಾರ್ಡಿನಲ್ಲಿ ತಾಯಿಯ ಹೆಸರಿನ ಜೊತೆ ಹದಿನಾರರೊಳಗಿನ ಮಕ್ಕಳ ಹೆಸರು, ಹುಟ್ಟಿದ ದಿನಾಂಕವನ್ನೂ ಸೇರಿಸಿದರೆ ವಯಸ್ಸಿನ ಜಗಳವೇ ಇರುವುದಿಲ್ಲ. ಅಮ್ಮನ ಜೊತೆ ಹೊರಟ ಮಗನಿಗೂ ಮಗಳಿಗೂ ಒಂದೇ ಕಾರ್ಡು.

ಇನ್ನು ಖಾಸಗಿ ಬಸ್ಸಿನ ಮಾತು. ಅಲ್ಲಿ ರಿಯಾಯಿತಿ ಸಾಧ್ಯವೇ ಇಲ್ಲ ಎನ್ನುವವರು ಒಮ್ಮೆ ಕಾಸರಗೋಡಿನ ಕಡೆ ನೋಡಬೇಕು. ಅಲ್ಲಿನ ಕನ್ನಡ ಶಾಲೆಗಳ ಮಕ್ಕಳು ಖಾಸಗಿ ಬಸ್ಸಿನಲ್ಲೇ ಹೋಗಿಬರುತ್ತಾರೆ. ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಡಬೇಕೆಂದು ಕೇರಳ ಸರ್ಕಾರ ದರದ ಆದೇಶದಲ್ಲೇ ಬರೆದಿದೆ. 2022ರಲ್ಲಿ ಅಲ್ಲಿ ಕನಿಷ್ಠ ದರ 10 ರೂಪಾಯಿಗೆ ಏರಿದಾಗಲೂ ವಿದ್ಯಾರ್ಥಿಯ ಕನಿಷ್ಠ ದರ 1 ರೂಪಾಯಿಯಾಗಿಯೇ ಉಳಿಯಿತು. ಅಲ್ಲಿಯೂ ಎಲ್ಲ ಸುಸೂತ್ರವಾಗಿಲ್ಲ. ಆ ಒಂದು ರೂಪಾಯಿಯನ್ನು ಏರಿಸಿ ಎಂದು ಬಸ್ ಮಾಲೀಕರು ಮುಷ್ಕರ ಮಾಡುತ್ತಾರೆ. ಮಕ್ಕಳನ್ನು ನಿಲ್ಲಿಸಿ ಬಸ್ ಬಿಟ್ಟುಕೊಂಡು ಹೋದರೆಂಬ ದೂರುಗಳೂ ಬರುತ್ತವೆ. ಮಾಲೀಕರ ಮಾತಿನಲ್ಲೂ ನ್ಯಾಯವಿದೆ. ಡೀಸೆಲ್, ಟೈರು, ತೆರಿಗೆ, ಸಂಬಳ ಯಾವುದೂ ರಿಯಾಯಿತಿಯಲ್ಲಿ ಸಿಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಮಾಡುವಾಗ ಮಗುವಿನ ಪಾಲಿನ ಹಣವನ್ನು ಸರ್ಕಾರ ತುಂಬಿಕೊಡಬೇಕು. ನಿಗಮಕ್ಕೆ ಶೂನ್ಯ ಟಿಕೆಟ್ ಎಣಿಸಿ ಕೊಡುವ ಹಾಗೆಯೇ, ಸರ್ಕಾರಿ ಬಸ್ ಓಡದ ದಾರಿಗಳಲ್ಲಿ ಖಾಸಗಿಯವರಿಗೂ ಎಣಿಸಿ ಕೊಡಬಹುದು. ಎಣಿಸುವುದು ಹೇಗೆ ಎಂಬ ಪ್ರಶ್ನೆ ಹಳೆಯದಾಯಿತು. ಮಂಗಳೂರು, ಉಡುಪಿಯ ಖಾಸಗಿ ಬಸ್ಸುಗಳಲ್ಲಿ ಚಲೋ ಕಾರ್ಡ್ ಬಂದು ವರ್ಷಗಳಾದವು. ಕಾರ್ಡು ಮುಟ್ಟಿಸಿದರೆ ಯಾರು, ಎಲ್ಲಿಂದ, ಎಲ್ಲಿಗೆ ಎಂಬುದು ತಾನೇ ದಾಖಲಾಗುತ್ತದೆ. ಕರಾವಳಿಯಲ್ಲಿ ಆದದ್ದು ಜಗಳೂರಿನಲ್ಲಿ ಆಗಬಾರದೆಂದು ಏನಿದೆ? 1988ರ ಮೋಟಾರು ವಾಹನ ಕಾಯ್ದೆಯ 67ನೇ ಕಲಮು ಬಸ್ ದರದ ಬಗ್ಗೆ ನಿರ್ದೇಶನ ಕೊಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ಕೇರಳಕ್ಕಿರುವ ಕಾನೂನೇ ನಮಗೂ ಇರುವುದು.

ನಿಯಮ ಬದಲಾಗುವವರೆಗೆ ಕಾಯದೆ, ಈಗಲೇ ಇರುವುದನ್ನು ಪಡೆದುಕೊಳ್ಳಿ. ಪಾಸಿಗೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಬೇಕು. ಅದಕ್ಕೆ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಿ ಸಾಲಿನಲ್ಲಿ ನಿಲ್ಲಬೇಕಿಲ್ಲ, ಗ್ರಾಮ ಒನ್ ಕೇಂದ್ರದಲ್ಲೇ ಹಾಕಿಸಬಹುದು. ಗ್ರಾಮ ಒನ್ ಮೊದಲು ಪ್ರಾಯೋಗಿಕವಾಗಿ ಶುರುವಾದದ್ದೇ ನಮ್ಮ ದಾವಣಗೆರೆ ಜಿಲ್ಲೆಯಲ್ಲಿ. ಹೊನ್ನಾಳಿ, ನ್ಯಾಮತಿ, ಚನ್ನಗಿರಿಯವರು 1997ರವರೆಗೆ ಶಿವಮೊಗ್ಗ ಜಿಲ್ಲೆಯವರು. ಈಗಲೂ ಮಕ್ಕಳನ್ನು ಕಾಲೇಜಿಗೆ ಕಳಿಸುವುದು ಹೆಚ್ಚಾಗಿ ಶಿವಮೊಗ್ಗಕ್ಕೇ. ಜಿಲ್ಲೆ ಬೇರೆಯೆಂದು ಹಿಂಜರಿಯಬೇಡಿ, ದೂರದ ಮಿತಿಯೊಳಗಿದ್ದರೆ ಪಾಸು ಸಿಗುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ದಿನಗಳಲ್ಲಿ ಹಾಲ್ ಟಿಕೆಟ್ ತೋರಿಸಿದರೆ ಪರೀಕ್ಷಾ ಕೇಂದ್ರಕ್ಕೆ ಹೋಗಿಬರಲು ನಿಗಮ ಉಚಿತವಾಗಿ ಬಿಡುತ್ತದೆ. ಪ್ರತಿ ವರ್ಷ ಪರೀಕ್ಷೆಗೆ ಮುಂಚೆ ಅದರ ಪ್ರಕಟಣೆ ಬರುತ್ತದೆ, ಶಾಲೆಯ ಬೋರ್ಡಿಗೆ ಹಾಕಿಸಿ. ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಧರ್ಮಸ್ಥಳಕ್ಕೋ ಮೈಸೂರಿಗೋ ಹೊರಟರೆ, ಸೀಟು ಕಾದಿರಿಸುವ ಬಸ್ಸುಗಳಲ್ಲಿ ನಾಲ್ಕು ಅಥವಾ ಹೆಚ್ಚು ಜನರ ಟಿಕೆಟ್ ಒಟ್ಟಿಗೆ ಮಾಡಿಸಿದರೆ ಶೇಕಡ 5, ಹೋಗುವ ಬರುವ ಟಿಕೆಟ್ ಒಟ್ಟಿಗೆ ಮಾಡಿಸಿದರೆ ಬರುವ ಟಿಕೆಟ್ಟಿನಲ್ಲಿ ಶೇಕಡ 10 ಕಡಿತವಿದೆ. ಮನೆಗೆಂದು ನಿಗಮ ಕೊಡುವುದು ಸದ್ಯಕ್ಕೆ ಇಷ್ಟೇ.

ಶಾಲಾ ಹೊತ್ತಿಗೆ ಬಸ್ ಇಲ್ಲದ ಊರಿನವರಿಗೆ ಒಂದು ಕೋರಿಕೆ. ಬಸ್ ಬಿಡಿ ಎಂದು ಬರಿದೇ ಬರೆದ ಮನವಿಗಳು ಕಡತ ಸೇರುತ್ತವೆ. ಶಾಲೆಯ ಮುಖ್ಯೋಪಾಧ್ಯಾಯರನ್ನು, ಎಸ್‌ಡಿಎಂಸಿಯವರನ್ನು ಜೊತೆಗೆ ಕೂರಿಸಿಕೊಂಡು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಯಾವ ಯಾವ ಊರಿನಿಂದ ಎಷ್ಟು ಮಕ್ಕಳು ಬರುತ್ತಾರೆ, ಅವರಲ್ಲಿ ಪಾಸು ಇರುವವರೆಷ್ಟು, ಶಾಲೆ ಶುರುವಾಗುವುದು ಎಷ್ಟಕ್ಕೆ, ಬಿಡುವುದು ಎಷ್ಟಕ್ಕೆ, ಆ ದಾರಿಯಲ್ಲಿ ಈಗ ಯಾವ ಬಸ್ ಎಷ್ಟು ಗಂಟೆಗೆ ಬರುತ್ತದೆ. ಒಂದು ಪ್ರತಿ ಹತ್ತಿರದ ಡಿಪೋ ಮ್ಯಾನೇಜರಿಗೆ, ಒಂದು ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿಗೆ. ಮೂರನೆಯದು ಜಿಲ್ಲಾಧಿಕಾರಿಗೆ, ಏಕೆಂದರೆ ಖಾಸಗಿ ಬಸ್ಸುಗಳಿಗೆ ಪರ್ಮಿಟ್ ಕೊಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಅಧ್ಯಕ್ಷರು ಅವರೇ. ಏಳನೇ ತರಗತಿ ಮುಗಿಸಿ ಮುಂದಿನ ವರ್ಷ ಬಸ್ ಹತ್ತಲಿರುವ ಮಕ್ಕಳ ಸಂಖ್ಯೆಯನ್ನೂ ಆ ಹಾಳೆಯಲ್ಲಿ ಬೇರೆಯಾಗಿ ಬರೆಯಿರಿ. ಏಪ್ರಿಲ್ ಮುಗಿಯುವುದರೊಳಗೆ ಅದು ಅಧಿಕಾರಿಗಳ ಮೇಜಿನ ಮೇಲಿರಲಿ. ಜೂನ್ ತಿಂಗಳಿಗೆ ಬಸ್ಸಿನ ವೇಳೆ ಹೊಂದಿಸಲು ಅವರಿಗೂ ಅಷ್ಟು ಸಮಯ ಬೇಕಾಗುತ್ತದೆ.